ಬ್ಯಾಚುಲರ್‌ಗಳಿಗೆ ಇಲ್ಲಿ ಮನೆ ಇಲ್ಲ

ಬಹ್ರೇನಿನ ಉಮ್ ಅಲ್ ಹಸ್ಸಮ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಡ, ಬಾಡಿಗೆದಾರರ ಮೀಟಿಂಗ್ ಕರೆದರೆ ಸಾಕು. ಕಾರ್ಯದರ್ಶಿ ಎಂಬ ಶಿಕ್ಷೆ ನನ್ನದು.

ರಸ್ತೆಯ ಉಸಿರು

ಮೀನಾ ಸಲ್ಮಾನ್ ಬಂದರಿನ ಒಂದು ಗೋದಾಮಿನವರು ಕೆಲಸಗಾರರಿಗೆ ಬಾಡಿಗೆ ಕೂಪನ್ ಕೊಟ್ಟರು. ಲೇಬರ್ ಕ್ಯಾಂಪ್ ಬಿಟ್ಟು ನಮ್ಮ ಮುಖ್ಯರಸ್ತೆಯ ಉದ್ದಕ್ಕೂ ಎಲ್ಲಿ ಬೇಕಾದರೂ ಫ್ಲಾಟ್ ಹಿಡಿಯಬಹುದು, ಬಾಡಿಗೆ ಕಂಪನಿಯದ್ದು. ನಾಲ್ವರು ನಮ್ಮಲ್ಲಿ ಖಾಲಿಯಿದ್ದ ಫ್ಲಾಟ್ ಕೇಳಿದರು. ಜುಲೈ ಮುಗಿಯುವುದರೊಳಗೆ ಮನೆ ಸಿಗದಿದ್ದರೆ ಕೂಪನ್ ರದ್ದು. ಮತ್ತೆ ಅದೇ ಕ್ಯಾಂಪ್, ಅದೇ ಒಂದರ ಮೇಲೊಂದು ಮಂಚ.

ಮೀಟಿಂಗಿನಲ್ಲಿ ಮೂರನೇ ಮಹಡಿಯ ಬ್ಯಾಂಕ್ ಮ್ಯಾನೇಜರ್ ಗೋಳಿಬಜೆ ಅಗಿಯುತ್ತಾ, "ಜನಸಾಂದ್ರತೆ ಅಂತ ಒಂದು ಉಂಟಲ್ಲ ಮಾರಾಯ್ರೆ? ಹೀಗೆ ತುಂಬಿಸಿದ್ರೆ ರಸ್ತೆಗೇ ಉಸಿರು ಕಟ್ತದೆ" ಎಂದರು. ಆ ರಸ್ತೆಯಲ್ಲಿ ಅವರದ್ದೇ ಮೂರು ಕಾರು ನಿಂತಿದ್ದವು.

ಪುಕ್ಕಟೆ ಬಾಡಿಗೆ

ಬೆಂಗಳೂರಿನ ಐಟಿಯವರೊಬ್ಬರು ಲ್ಯಾಪ್‌ಟಾಪ್ ತೆರೆದರು. "ಡೆನ್ಸಿಟಿ ಪ್ರಾಬ್ಲಮ್ ಅಲ್ಲ ಸರ್. ಬಾಡಿಗೆ ಬೇರೆಯವರು ಕಟ್ಟಿದ್ರೆ ಜನಕ್ಕೆ ಮನೆ ಬೆಲೆ ಗೊತ್ತಾಗಲ್ಲ."

"ನಿಮ್ಮ ಬಾಡಿಗೆ ಯಾರು ಕಟ್ಟುವುದು?" ಎಂದೆ.

"ಕಂಪನಿ. ಆದ್ರೆ ಅದು ಅಲೊವೆನ್ಸ್."

ಬ್ಯಾಚುಲರ್‌ಗಳಿಗೆ ಮನೆ ಇಲ್ಲ, ಸಂಸಾರಸ್ಥರಿಗೆ ಮಾತ್ರ ಎಂಬ ನಿಯಮ ಪಾಸಾಯಿತು. ಲಿಫ್ಟಿನ ಪಕ್ಕ ಅಂಟಿಸುವ ಕೆಲಸ ನನಗೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು, ಆದರೂ ನೆಟ್ಟಗೆ ಅಂಟಿಸಿದೆ.

ಸಂಸಾರಸ್ಥರು

ಶಾಲೆಗೆ ರಜೆ ಬಿತ್ತು. ವರ್ಷದ ಪದ್ಧತಿಯಂತೆ ಹೆಂಡಂದಿರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಟರು. ಉಳಿದ ಗಂಡಂದಿರಿಗೆ ಅಡುಗೆ ಬಾರದು, ಒಂಟಿಯಾಗಿ ನಿದ್ದೆಯೂ ಬಾರದು. ಎಲ್ಲರೂ ಹಾಸಿಗೆ ಸುತ್ತಿಕೊಂಡು ಮ್ಯಾನೇಜರ್ ಮನೆಯ ಹಾಲ್‌ಗೆ ಬಂದೆವು. ಒಂದೇ ಎಸಿ, ಒಂದೇ ಸಾರಿನ ಪಾತ್ರೆ.

ಜುಲೈ ಕೊನೆಯ ಶುಕ್ರವಾರ ಬಾಗಿಲು ಬಡಿದ ಸದ್ದು. ಕಟ್ಟಡದ ಮಾಲೀಕ, ಬಹ್ರೇನಿ ಅಜ್ಜ, ಆ ನಾಲ್ವರನ್ನೂ ಕರೆದುಕೊಂಡು ನಮ್ಮ ಕೊನೆಯ ಮಾತು ಕೇಳಲು ಬಂದಿದ್ದ. ಒಳಗೆ ಗೋಡೆಯಿಂದ ಗೋಡೆಗೆ ಹಾಸಿಗೆ, ಬಾಲ್ಕನಿ ತುಂಬ ಬನಿಯನ್‌ಗಳು, ಲುಂಗಿ ಉಟ್ಟು ಬಂಗುಡೆ ಮೀನು ಕಾಯಿಸುತ್ತಿದ್ದ ಮ್ಯಾನೇಜರ್.

ಅಜ್ಜ ತಲೆ ಎಣಿಸಿದ. "ಫ್ಯಾಮಿಲಿ ಕಿಧರ್?"

"ಊರಲ್ಲಿ" ಎಂದರು ಐಟಿಯವರು, ಮೆಲ್ಲಗೆ.

"ಇನ್ ಕಾ ಭೀ", ಇವರದ್ದೂ ಅಲ್ಲೇ, ಎಂದ ಅಜ್ಜ, ಆ ನಾಲ್ವರತ್ತ ಕೈ ತೋರಿಸಿ. ಕೀಲಿಯನ್ನು ಅಲ್ಲೇ ಅವರ ಕೈಗಿಟ್ಟ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನಾಲ್ವರಲ್ಲಿ ಹಿರಿಯ, ಕುಂದಾಪುರದ ಕಡೆಯವನು, ನನ್ನನ್ನು ಮೆಟ್ಟಿಲ ಬಳಿಗೆ ಕರೆದ.

"ಫ್ಲಾಟ್ ಅಡ್ಡಿಲ್ಲ ಮಾರಾಯ್ರೆ. ಆದ್ರೆ ಮೇಲೆ ಇಷ್ಟೆಲ್ಲ ಬ್ಯಾಚುಲರ್‌ಗಳಿದ್ದಾರೆ. ಗಲಾಟೆ ಏನೂ ಇಲ್ಲ ಅಲ್ದಾ?"