ದಾಮೋದರ ನುಂಗಿದ ಎರಡು ಶಬ್ದ

ದಾಮೋದರನಿಗೆ ಆಪತ್ತು ತಂದದ್ದು ಅವನು ಬರೆದ ಮಾತಲ್ಲ, ಅಂಜಿ ಬರೆಯದೆ ಬಿಟ್ಟ ಎರಡು ಶಬ್ದ.

ಅಕ್ಕಲಕೋಟದ ಅಂಚಿನಲ್ಲಿರುವ ಅವನ ಕಾಲನಿಗೆ ಒಂಬತ್ತು ದಿನದಿಂದ ನೀರು ಬಂದಿರಲಿಲ್ಲ. ಒಂದು ಸಂಜೆ ಕಾಲನಿಯವರು ಕೂಡಿ, ಜನವರಿ ಇಪ್ಪತ್ತಾರರಂದು ನೀರಿನ ಟಾಕಿಯ ಮೇಲೆ ಕರಿ ಬಾವುಟ ಹಾರಿಸುವುದೆಂದು ಗೊತ್ತುಮಾಡಿದರು. ಕನ್ನಡದಲ್ಲಿ ನೆಟ್ಟಗೆ ಬರೆಯಬಲ್ಲವನು ನೀನೊಬ್ಬನೇ ಎಂದು ಕಾಲನಿಯ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕುವ ಕೆಲಸವನ್ನು ಅವನ ಕೊರಳಿಗೆ ಕಟ್ಟಿದರು.

ಮರುದಿನ ಸೊಲ್ಲಾಪುರದ ಬಸ್ಸಿನಲ್ಲಿ ಕೂತು ಬರೆದ. "ಕರಿ ಬಾವುಟ" ಎಂಬಲ್ಲಿಗೆ ಬಂದಾಗ ಪಕ್ಕದ ಸೀಟಿನವನಿಗೆ ಕಾಣದಂತೆ ಫೋನು ಓರೆ ಮಾಡಿದ. ಮಗಳು ಅನುಜಾಗೆ ಸರಕಾರಿ ನೌಕರಿಯ ಪತ್ರ ಬಂದು, ಪೊಲೀಸ್ ತಪಾಸಣೆಯೊಂದೇ ಬಾಕಿ ಇತ್ತು. ಆ ಎರಡು ಶಬ್ದ ಅಳಿಸಿ, ಉಳಿದದ್ದನ್ನು ಕಳಿಸಿಬಿಟ್ಟ.

"ಇಪ್ಪತ್ತಾರಕ್ಕ ಮುಂಜಾನಿ ಎಂಟಕ್ಕ ಟಾಕಿ ಮ್ಯಾಲ ಹಾರಸೂಣ. ನೀರಿನ ಖಾತೆಯವರ ಕಿವಿ ತೆರೀಬೇಕು. ಹೊರಗ ಯಾರಿಗೂ ಹೇಳಬ್ಯಾಡ್ರಿ."

ಪಕ್ಕದ ಮನೆಯ ಪ್ರಸಾದ ಹಿಂದಿನ ಸಂಜೆಯ ಕೂಟಕ್ಕೆ ಬಂದಿರಲಿಲ್ಲ. ಅವನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಫೋನಿಗೆ ಕೊಟ್ಟು ಮರಾಠಿ ಮಾಡಿಸಿದ. ಫೋನು ಸಂಕೋಚವಿಲ್ಲದೆ "ಟಾಕಿ ಉಡವೂ" ಎಂದಿತು. ಟಾಕಿಯನ್ನು ಸ್ಫೋಟಿಸೋಣ! ಪ್ರಸಾದನ ಕೈಯೊಳಗಿನ ಚಹಾ ಲುಂಗಿಯ ಮೇಲೆ ಚೆಲ್ಲಿತು. ಜಾಗೃತ ನಾಗರಿಕನ ಕರ್ತವ್ಯವೆಂದು ಅದನ್ನು ಪೊಲೀಸರಿಗೆ ಕಳಿಸಿ, ಆಮೇಲೆ ಲುಂಗಿ ಬದಲಿಸಿದ.

ಹನ್ನೊಂದಕ್ಕೆ ಸೊಲ್ಲಾಪುರದ ನವಿ ಪೇಠಿನ ಟಾವೆಲ್ ಅಂಗಡಿಯ ಮುಂದೆ ಜೀಪು ನಿಂತಿತು. ದಾಮೋದರ ಅಲ್ಲಿ ಗುಮಾಸ್ತ. ಪೊಲೀಸರು ಅವನ ಹೆಸರು ಕೇಳಿದ್ದೇ ತಡ, ಮಾಲಕ ಕಲ್ಯಾಣಪ್ಪ ಕೈಮುಗಿದು ಎದ್ದ.

"ಸಾಹೇಬ್ರ, ಇವರು ನಮ್ಮಲ್ಲಿ ಬರೇ ಹದಿನೆಂಟು ವರ್ಷದಿಂದ ಇದ್ದಾರ್ರಿ. ಅಷ್ಟೇನು ಪರಿಚಯ ಇಲ್ರಿ."

ಠಾಣೆಯ ಸಾಹೇಬರು ಮರಾಠಿಯವರು. ಅವರಿಗೆ ಕನ್ನಡ ತಿಳಿಸಿ ಹೇಳಲು, ಮನೆಯಲ್ಲಿ ಕನ್ನಡ ಮಾತಾಡುವ ಹನ್ನೂರಿನ ಕಾನ್‌ಸ್ಟೇಬಲ್ ಸಚಿನನನ್ನು ಕರೆಸಿದರು. ಅವನು ಫೋನಿನ ಕನ್ನಡವನ್ನು ಅತ್ತಿತ್ತ ತಿರುಗಿಸಿ ನೋಡಿದ.

"ನಾ ಮಾತಾಡ್ತೀನಿ ಖರೆ, ಓದಾಕ ಬರಂಗಿಲ್ರಿ. ನಂದು ಮರಾಠಿ ಸಾಲಿ."

"ನಾನ ಓದಿ ಹೇಳ್ತೀನ್ರಿ," ಎಂದ ದಾಮೋದರ.

"ಆರೋಪಿ ಓದಿದ್ದು ನಡೆಯಂಗಿಲ್ಲ," ಎಂದ ಸಚಿನ.

ಕೊನೆಗೆ ಕಲ್ಯಾಣಪ್ಪನನ್ನೇ ಹಿಡಿದು ತಂದರು. ಅವನು ಫೋನನ್ನು ಚೇಳು ಹಿಡಿದವನಂತೆ ಎರಡು ಬೆರಳಲ್ಲಿ ಹಿಡಿದು ಓದಿದ.

"ಹಾರಸೂದು ಅಂದ್ರ ಉಡವಣೆನ ಸಾಹೇಬ," ಎಂದ ಸಚಿನ.

"ಗಾಳಿಪಟಾನೂ ಹಾರಸ್ತಾರಲ್ರಿ!" ದಾಮೋದರನ ದನಿ ಕೀರಲಾಯಿತು.

"ಇಪ್ಪತ್ತಾರಕ್ಕ? ಟಾಕಿ ಮ್ಯಾಲ? ಯಾರಿಗೂ ಹೇಳದ?" ಎಂದು ಸಚಿನ ಕೇಳಿದ.

ಕಾಲನಿಯವರಿಗೆ ಒಬ್ಬೊಬ್ಬರಿಗೇ ಫೋನು ಹೋಯಿತು. ಯಾರಿಗೂ ಯಾವ ಕೂಟವೂ ನೆನಪಿರಲಿಲ್ಲ. ಕೂಟಕ್ಕೆ ತಮ್ಮ ಅಂಗಳದಲ್ಲೇ ಕುರ್ಚಿ ಹಾಕಿಸಿದ್ದ ಪಾರ್ವತಿಬಾಯಿ, "ದಾಮೋದರ ಯಾರ್ರಿ?" ಎಂದು ಕೇಳಿದಳು. ಗ್ರೂಪಿನಲ್ಲಿ ನಲವತ್ತೆರಡು ಜನ ಇದ್ದರು. ಎರಡು ಗಂಟೆಯ ಹೊತ್ತಿಗೆ ಉಳಿದವರು ಮೂವರು: ದಾಮೋದರ, ಅವನ ಹೆಂಡತಿ ಗೋದೂಬಾಯಿ, ಮುಂದೇನಾಗುತ್ತದೆ ನೋಡಬೇಕೆಂದಿದ್ದ ಪ್ರಸಾದ.

ಸಾಹೇಬರು ಕುರ್ಚಿ ಮುಂದಕ್ಕೆ ಎಳೆದು ಸಾವಕಾಶ ಮಾತಾಡಿದರು. ದಾಮೋದರನಿಗೆ ಮರಾಠಿ ತಿಳಿಯುತ್ತಿದ್ದರೂ ಸಚಿನ ಅದನ್ನು ಕನ್ನಡದಲ್ಲಿ ಹೇಳಿದ.

"ಮಾತಾಡೂ ಹಕ್ಕು ಎಲ್ಲಾರಿಗೂ ಅದ ಅಂತಾರ ಸಾಹೇಬ್ರು. ಆದ್ರ ದೇಶದ ಸುರಕ್ಷಾ ಅಂತ ಬಂತಂದ್ರ ಆ ಕಾಯದೇ ಬ್ಯಾರೆ, ಜಾಮೀನು ಲಗೂನ ಸಿಗಂಗಿಲ್ಲ. ಈಗ ಆರಾಮಾಗಿ ಮಾತಾಡ್ರಿ. ಏನ್ ಹಾರಸಾವ್ರಿದ್ರಿ?"

ಕರಿ ಬಾವುಟ. ಅಷ್ಟು ಹೇಳಿದರೆ ಸಾಕಿತ್ತು. ಆದರೆ ಗಣರಾಜ್ಯ ದಿನದಂದು ಕರಿ ಬಾವುಟ ಎಂದು ಈ ಕೋಣೆಯಲ್ಲಿ ಹೇಳುವುದು ಹೇಗೆ? ಸಾಕ್ಷಿ ಹೇಳಲು ಒಬ್ಬನೂ ಇಲ್ಲ. ಅನುಜಾಳ ಕಾಗದದ ಮೇಲೆ ಯಾರೋ ಕೆಂಪು ಶಾಯಿಯಿಂದ ಅಡ್ಡ ಗೆರೆ ಎಳೆದದ್ದು ಅವನ ಕಣ್ಣಿಗೆ ಕಟ್ಟಿತು. ನಾಲಿಗೆ ತಾನಾಗಿಯೇ ಹೊರಳಿತು.

"ತಿರಂಗಾ, ಸಾಹೇಬ."

ಸಾಹೇಬರು ಗಹಗಹಿಸಿ ನಕ್ಕರು. ಸಚಿನ ನಕ್ಕ. ಕಲ್ಯಾಣಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, "ಹದಿನೆಂಟು ವರ್ಷದಿಂದ ಬಲ್ಲೆ ಇವರನ್ನ, ಬಂಗಾರದಂಥಾ ಮನುಷ್ಯಾ!" ಎಂದ. ಚಹಾ ಬಂತು. ಬರೆದುಕೊಂಡಿದ್ದ ಹೇಳಿಕೆ ಹರಿದು ಬುಟ್ಟಿಗೆ ಬಿತ್ತು. ದಾಮೋದರ ಬದುಕಿದೆ ಎಂದುಕೊಂಡು ಎದ್ದ.

"ಕೂಡ್ರಿ," ಎಂದ ಸಚಿನ. "ಇಂಥಾ ದೇಶಪ್ರೇಮ ಗುಪ್ತ ಯಾಕ ಇರಬೇಕು ಅಂತಾರ ಸಾಹೇಬ್ರು. ನೀರಿನ ಖಾತೆಯ ದೊಡ್ಡ ಸಾಹೇಬ್ರು ಇವರ ಷಡ್ಡಕ. ಅವರನ್ನ ಪಾಹುಣೇ, ಅಂದ್ರ ಅತಿಥಿ ಅಂತ ಕರಸ್ತಾರ. ಝೇಂಡಾ ಹಾರಿಸಿದ ಮ್ಯಾಲ, ಕಾಲನಿಗೆ ಇಷ್ಟು ಚಲೋ ನೀರು ಕೊಟ್ಟಿದ್ದಕ್ಕ ನೀವು ಆಭಾರದ ಭಾಷಣ ಮಾಡಬೇಕು."

"ನಂಗ ಭಾಷಣ ಬರಂಗಿಲ್ರಿ."

"ಟೈಪ್ ಮಾಡಿ ಕೊಡ್ತಾರಂತ."

ಸಂಜೆ ಅವನು ಮನೆ ಮುಟ್ಟುವ ಮೊದಲೇ ಅವನ ಫೋನಿನಿಂದ ಠಾಣೆಯವರು ಬರೆಸಿದ ಆಮಂತ್ರಣ ಹೋಗಿತ್ತು. ಬಿಟ್ಟುಹೋದವರೆಲ್ಲ ಗ್ರೂಪಿಗೆ ಮರಳಿ ಹೆಬ್ಬೆರಳು ತೋರಿಸಿದ್ದರು. ಕಾರ್ಯಕ್ರಮದ ನಿರೂಪಣೆ ತಾನೇ ಮಾಡುವುದಾಗಿ ಪ್ರಸಾದ ತಿಳಿಸಿದ್ದ.

ಠಾಣೆಯವರು ಟೈಪ್ ಮಾಡಿ ಕೊಟ್ಟ ಭಾಷಣದ ಕಾಗದವನ್ನು ಅನುಜಾ ಓದಿ ಕೆಳಗಿಟ್ಟಳು. "ಅಪ್ಪಾ, ಕರಿ ಬಾವುಟ ಅಂತ ಖರೆ ಹೇಳಿದ್ರೂ ಗುನ್ಹೆ ಆಗ್ತಿದ್ದಿಲ್ಲ. ಅದು ನಮ್ಮ ಹಕ್ಕು."

"ಗೊತ್ತದವ್ವಾ," ಎಂದ ದಾಮೋದರ. "ಸಾಹೇಬ್ರಿಗೂ ಗೊತ್ತದ."

ಕಾಗದ ತೆಗೆದುಕೊಂಡು ಕನ್ನಡಿಯ ಮುಂದೆ ನಿಂತ. ಮೂರನೆಯ ಸಾಲಿನ ಕೊನೆಗೆ ಕಂಸದಲ್ಲಿ "ಇಲ್ಲಿ ನಗುವುದು" ಎಂದು ಮರಾಠಿಯಲ್ಲಿ ಬರೆದಿತ್ತು. ನಗಲು ನೋಡಿದ. ಮತ್ತೆ ನೋಡಿದ. ನಾಲ್ಕನೆಯ ಸಲಕ್ಕೆ ಗೋದೂಬಾಯಿ ಒಳಗಿನಿಂದ ಬಂದು ಕನ್ನಡಿಯ ಮೇಲೊಂದು ಟಾವೆಲ್ ಹೊದಿಸಿ ಹೋದಳು.