ಅಟ್ಟದ ಮೇಲೊಬ್ಬ ಹನ್ನೆರಡನೇ ಆಟಗಾರ

ಜುಲೈ ತಿಂಗಳ ಆ ಶನಿವಾರ ಸಂಜೆ ಆರರಿಂದ ಎಂಟರವರೆಗೆ, ಭೂಮಿ ಬಾಯಿ ಬಿಟ್ಟರೂ ಸರಿ, ಮಗಳ ಪಕ್ಕದಿಂದ ಏಳುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದೆ! ಭೀಷ್ಮರು ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಿತಂತೆ. ನನ್ನ ಪ್ರತಿಜ್ಞೆಗೆ ಸುರಿದದ್ದು ತೆಂಗಿನಕಾಯಿ. ಆ ಕಥೆಯನ್ನು ನಾನೇ ಹೇಳಿಬಿಡುವುದು ಕ್ಷೇಮ. ನನ್ನ ಹೆಂಡತಿ ಹೇಳಿದರೆ ಕಾಯಿಗಳ ಸಂಖ್ಯೆ ಮೂರು ಪಟ್ಟಾಗುತ್ತದೆ.

ನಾನು ಶಿವಮೂರ್ತಿ. ವಾಸ ತುಮಕೂರಿನ ಉಪ್ಪಾರಹಳ್ಳಿ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್, ಅಂದರೆ ನಟ್ಟು ಬೋಲ್ಟು ಕಾಯುವವನು. ಮಗಳು ಮಾನಸಾ ಒಂಬತ್ತನೇ ಕ್ಲಾಸು, ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. "ಅಪ್ಪನೂ ಕೀಪರ್, ಮಗಳೂ ಕೀಪರ್!" ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ಆದರೆ ಅವಳು ಆಡಿದ್ದನ್ನು ಒಂದು ದಿನವೂ ಕಣ್ಣಾರೆ ಕಂಡವನಲ್ಲ. ಒಂದು ಸಲ ಸ್ಟಾಕ್ ಚೆಕಿಂಗ್. ಇನ್ನೊಂದು ಸಲ ಶಿರಾ ಗೇಟಿನಲ್ಲಿ ಗಾಡಿ ಪಂಕ್ಚರ್. ಮೂರನೇ ಸಲ ಸರಿಯಾದ ಹೊತ್ತಿಗೇ ಹೋದೆ, ಮೈದಾನ ಮಾತ್ರ ಬೇರೆಯದು! ಅಲ್ಲಿ ಒಂದು ಗಂಟೆ ಯಾರದೋ ಮಗಳಿಗೆ ಚಪ್ಪಾಳೆ ತಟ್ಟಿ ಬಂದೆ.

ಆಗ ನಮ್ಮ ದೇಶದ ಹೆಣ್ಣುಮಕ್ಕಳು ಥೈಲ್ಯಾಂಡಿನಲ್ಲಿ ಏಷ್ಯಾ ಕಪ್ಪಿನ ಅರ್ಹತಾ ಪಂದ್ಯಗಳನ್ನು ಆಡುತ್ತಿದ್ದರು. ಮಂಗೋಲಿಯಾಕ್ಕೆ ಹದಿಮೂರು ಗೋಲು ಹೊಡೆದ ದಿನ ಮಾನಸಾ ಮಂಚದ ಮೇಲೆ ಹದಿಮೂರು ಸಲ ಎಗರಿದ್ದಳು. ಮಂಚದ ಒಂದು ಕಾಲು ಈಗಲೂ ಇಟ್ಟಿಗೆಯ ಮೇಲಿದೆ. ಮೂರು ಪಂದ್ಯ ಆಡಿ ಮೂರನ್ನೂ ಗೆದ್ದಾಗಿತ್ತು. ಮೂರರಲ್ಲಿ ಒಂದನ್ನೂ ನಾನು ನೋಡಿರಲಿಲ್ಲ. ಕೊನೆಯದು ಥೈಲ್ಯಾಂಡ್ ವಿರುದ್ಧ, ಅವರದೇ ನೆಲದಲ್ಲಿ. ಗೆದ್ದವರು ಏಷ್ಯಾ ಕಪ್ಪಿಗೆ, ಸೋತವರು ಮನೆಗೆ!

"ಅಪ್ಪಾ, ಇದೊಂದಾದ್ರೂ ನನ್ನ ಪಕ್ಕ ಕೂತ್ಕೊಂಡು ನೋಡ್ತೀಯಾ?" ಮಾನಸಾ ಕೇಳಿದಳು.

"ಕೇಳ್ಬೇಡ ಕಣೇ. ನಿಮ್ಮಪ್ಪಂಗೆ ಸರಿಯಾಗಿ ಅವತ್ತೇ ಏನಾದ್ರೂ ವಕ್ಕರಿಸ್ಕೊಳುತ್ತೆ," ಎಂದಳು ನನ್ನ ಹೆಂಡತಿ ಪ್ರೇಮಲತಾ ಅಡುಗೆಮನೆಯಿಂದ.

ಮಗಳು ನಗಲಿಲ್ಲ. "ಇರ್ಲಿ ಬಿಡಪ್ಪ" ಎಂದು ಶೂ ಲೇಸು ಕಟ್ಟತೊಡಗಿದಳು. ಅವಳು ಜಗಳ ಆಡಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ, ಈ "ಇರ್ಲಿ ಬಿಡಪ್ಪ" ಮಾತ್ರ ಎದೆಗೇ ಚುಚ್ಚಿತು. ಆಗಲೇ ಎದ್ದು ನಿಂತು, ಬಲಗೈ ಎತ್ತಿ, ಮೇಲೆ ಹೇಳಿದ ಭೀಷ್ಮ ಪ್ರತಿಜ್ಞೆ ಮಾಡಿದ್ದು.

ಆದರೆ ನೋಡುವುದೆಲ್ಲಿ? ಟಿವಿಯ ನೂರಾರು ಚಾನೆಲ್ಲು ತಿರುಗಿಸಿದರೂ ಪಂದ್ಯ ಸಿಗಲಿಲ್ಲ. ಇಂಟರ್‌ನೆಟ್‌ನಲ್ಲಿ ಮಾತ್ರ ಬರುತ್ತದೆ ಎಂದು ಮಾನಸಾ ಎಲ್ಲಿಂದಲೋ ಲಿಂಕ್ ಹಿಡಿದು ತಂದಳು. ನಮ್ಮ ಮನೆಯ ಟಿವಿ ಇಂಟರ್‌ನೆಟ್ಟಿನ ಹೆಸರನ್ನೇ ಕೇಳಿದ್ದಲ್ಲ. ಹಾಗಾಗಿ ಸವಾರಿ ಗುಬ್ಬಿ ಹತ್ತಿರದ ಅತ್ತೆಮನೆಗೆ ಹೊರಟಿತು. ನಮ್ಮತ್ತೆ ಸಿದ್ದಲಕ್ಷ್ಮಮ್ಮನವರು ಧಾರಾವಾಹಿಯ ಸೊಸೆಯರ ಕಣ್ಣೀರು ಸರಿಯಾಗಿ ಕಾಣಿಸುವುದಿಲ್ಲವೆಂದು ಗೋಡೆ ತುಂಬುವಂಥ ಸ್ಮಾರ್ಟ್ ಟಿವಿ ತರಿಸಿದ್ದರು.

ಟಿವಿ ಸ್ಮಾರ್ಟೇ. ಊರಿನ ನೆಟ್‌ವರ್ಕು ಅಷ್ಟು ಸ್ಮಾರ್ಟಲ್ಲ. ಆ ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ, ಅಟ್ಟದ ಸಣ್ಣ ಕಿಟಕಿ. ಅಟ್ಟವೆಂದರೆ ಹಜಾರದ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ, ಅದರ ಮೇಲೆ ಸಾವಿರಾರು ತೆಂಗಿನಕಾಯಿ ಹರಡಿದ ಜಾಗ. ಹತ್ತು ಹನ್ನೊಂದು ತಿಂಗಳು ಕದಲದೆ ಮಲಗಿದರೆ ಕಾಯೊಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆ ಕಾಯಿಗಳನ್ನು ಅತ್ತೆ ಬಾಣಂತಿಯಂತೆ ನೋಡಿಕೊಳ್ಳುತ್ತಾರೆ. ಅಟ್ಟದಲ್ಲಿ ಬೆಕ್ಕು ಓಡಾಡಿದರೂ ವಿಚಾರಣೆ ನಡೆಯುತ್ತದೆ.

"ನನ್ನ ಫೋನನ್ನು ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಆನ್ ಮಾಡ್ತೀನಿ. ಕೆಳಗೆ ಟಿವಿಗೆ ಬರುತ್ತೆ. ಇದು ತಂತ್ರಜ್ಞಾನ!" ಎಂದೆ.

"ಕಾಯಿ ತುಳೀಬ್ಯಾಡಿ ಅಳಿಯಂದ್ರೆ," ಎಂದರು ಅತ್ತೆ. ಅವರಿಗೆ ತಂತ್ರಜ್ಞಾನಕ್ಕಿಂತ ನನ್ನ ಪಾದದ ಚಿಂತೆ.

ಏಣಿ ಹತ್ತಿ ಫೋನಿಟ್ಟು ಇಳಿದೆ. ಆರು ಗಂಟೆಗೆ ಪಂದ್ಯ ಶುರು! ಗೋಡೆ ತುಂಬ ಹಸಿರು ಮೈದಾನ! ವಿವರಣೆ ಯಾವುದೋ ಭಾಷೆಯಲ್ಲಿ. ನನ್ನ ಮಾವ ಅಣ್ಣಯ್ಯಪ್ಪನವರು, "ಏನೇಳ್ತಾವ್ನೆ ಇವ್ನು?" ಎಂದು ಪ್ರತಿ ನಿಮಿಷಕ್ಕೂ ಕೇಳುವುದು, ಅತ್ತೆ ಧೈರ್ಯವಾಗಿ ಅನುವಾದಿಸುವುದು: "ನಮ್ಮುಡ್ಗೀರು ಚೆನ್ನಾಗ್ ಆಡ್ತಾವ್ರೆ ಅಂತಾವ್ನೆ, ಸುಮ್ಕಿರಿ." ಮಾನಸಾ ತನ್ನ ಪಕ್ಕದ ಕುರ್ಚಿಗೆ ದಿಂಬು ಹಾಕಿ ನನಗೆಂದೇ ಕಾದಿಟ್ಟಿದ್ದಳು. ಕೂತೆ. ಅವಳು ನನ್ನ ತೋಳು ಹಿಡಿದುಕೊಂಡಳು. ಇಪ್ಪತ್ತೈದು ನಿಮಿಷ! ನಾನು ಇಷ್ಟು ಒಳ್ಳೆಯ ಅಪ್ಪನೆಂದು ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಟಿವಿ ನಿಂತುಹೋಯಿತು. ನಮ್ಮ ಹುಡುಗಿ ಒದೆಯಲು ಎತ್ತಿದ ಕಾಲು ಎತ್ತಿದಲ್ಲೇ, ನಡುವೆ ಒಂದು ಚಕ್ರ ಗಿರಗಿರ.

"ರೀ, ನೋಡ್ರೀ ಮೇಲೆ! ಬೇಗ!" ಎಂದು ಪ್ರೇಮಲತಾ ಕಿರುಚಿದಳು.

ಒಂದೇ ಉಸಿರಿಗೆ ಏಣಿ ಹತ್ತಿದೆ. ಫೋನು ಕಿಟಕಿಯಿಂದ ಜಾರಿ ಕಾಯಿಗಳ ನಡುವೆ ಬಿದ್ದಿತ್ತು. ಎತ್ತಿ ಕಿಟಕಿಗೆ ಹಿಡಿದು, "ಬಂತಾ?" ಎಂದೆ.

"ಬಂತು!... ಅಯ್ಯೋ... ಅಯ್ಯಯ್ಯೋ... ಗೋ.......ಲ್!"

ಕೆಳಗೆ ಮನೆಯೇ ಎಗರಿತು! ಮಗಳ ಕಿರುಚಾಟ, ಹೆಂಡತಿಯ ಶಿಳ್ಳೆ (ಹದಿನಾರು ವರ್ಷ ಸಂಸಾರ ಮಾಡಿದ್ದೇನೆ, ಅವಳಿಗೆ ಶಿಳ್ಳೆ ಬರುತ್ತದೆಂದು ಅವತ್ತೇ ತಿಳಿದದ್ದು!), ಮಾವನವರ ಕೆಮ್ಮು. ಇಂಡಿಯಾ ಒಂದು, ಥೈಲ್ಯಾಂಡ್ ಸೊನ್ನೆ. ಫೋನನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಭದ್ರವಾಗಿ ಕಟ್ಟಿ ಏಣಿಯ ಮೇಲೆ ಕಾಲಿಟ್ಟೆ.

"ಇಳೀಬ್ಯಾಡಿ!" ಅತ್ತೆಯ ಕೈ ಮೇಲೆದ್ದಿತ್ತು. "ನೀವು ಅತ್ತಿದ್ದೇ ಗೋಲ್ ಬಿತ್ತು. ಅಲ್ಲೇ ಕೂತಿರಿ."

"ಅತ್ತೆ, ನಾನು ಮಾನಸಾಗೆ ಮಾತು ಕೊಟ್ಟಿದೀನಿ!"

"ಅಪ್ಪಾ, ಹಾಫ್ ಟೈಮ್ ತನಕ ಅಷ್ಟೇ," ಎಂದಳು ಮಗಳು. ಪ್ರತಿಜ್ಞೆಯನ್ನು ಸ್ವೀಕರಿಸಿದವಳೇ ಹೀಗೆಂದರೆ ಭೀಷ್ಮ ಏನು ಮಾಡಬೇಕು? ಕೂತೆ. ಒಂದು ಕಾಯಿ ಮೆಲ್ಲಗೆ ಸರಿಸಿ ದಬ್ಬೆಯ ಸಂದಿಯಲ್ಲಿ ಇಣುಕಿದೆ. ಕಂಡದ್ದು ಮಾವನವರ ಬೋಳುತಲೆ. ಅದರಲ್ಲಿ ಟಿವಿಯ ಹಸಿರು ಮಿನುಗುತ್ತಿತ್ತು. ಹದಿನೈದು ನಿಮಿಷ ನಾನು ಅಂತರರಾಷ್ಟ್ರೀಯ ಫುಟ್‌ಬಾಲ್ ನೋಡಿದ್ದು ಆ ತಲೆಯ ಮೇಲೆ!

ಹಾಫ್ ಟೈಮಿಗೆ ಇಳಿಯಲು ಅಪ್ಪಣೆಯಾಯಿತು. ಕಾಫಿ ಕುಡಿದೆ, ನಿಪ್ಪಟ್ಟು ತಿಂದೆ, ವಿಜಯೋತ್ಸಾಹದಲ್ಲಿ ಮಗಳ ಪಕ್ಕ ದಿಂಬಿನ ಮೇಲೆ ಕೂತೆ. "ಹಗ್ಗ ಕಟ್ಟಿದೀನಿ, ಇನ್ನು ಮೇಲೆ ಹೋಗೋ ಕೆಲಸಾನೇ ಇಲ್ಲ! ಆ ಮೂಢನಂಬಿಕೆಯೆಲ್ಲಾ ಬಿಡಿ ಅತ್ತೆ, ಗೋಲು ಹೊಡೆಯೋದು ಕಾಲು, ಅಟ್ಟ ಅಲ್ಲ," ಎಂದು ಭಾಷಣ ಬಿಗಿದೆ.

ಎರಡನೇ ಅರ್ಧ ಶುರುವಾಗಿ ಎರಡೇ ಎರಡು ನಿಮಿಷ. ಥೈಲ್ಯಾಂಡ್ ಗೋಲು!

ಯಾರೂ ಟಿವಿ ನೋಡಲಿಲ್ಲ. ನಾಲ್ಕು ಜೋಡಿ ಕಣ್ಣು ನನ್ನ ಮೇಲೆ.

"ಮಂಗೋಲಿಯಾ ಮ್ಯಾಚು ನೋಡಿದ್ರಾ?" ಅತ್ತೆ ವಕೀಲರಂತೆ ಶುರು ಮಾಡಿದರು.

"ಇಲ್ಲ."

"ಆಮೇಲಿಂದು ಎರಡು?"

"ಇಲ್ಲ."

"ಮೂರೂ ಗೆದ್ರು. ಇವತ್ತು ಇಪ್ಪತ್ತೈದು ನಿಮಿಷ ಕೂತಿದ್ರಿ, ಒಂದು ಗೋಲಾದ್ರೂ ಬಿತ್ತಾ? ಅಟ್ಟಕ್ಕೋದ್ರಿ, ಬಿತ್ತು. ಇಳಿದ್ರಿ, ಅವ್ರು ಹೊಡುದ್ರು. ಇನ್ನೇನ್ ಸಾಕ್ಷಿ ಬೇಕು?"

"ಬುಡೇ ಸಿದ್ದಲಕ್ಷ್ಮಿ, ಮನೆ ಅಳಿಯ," ಎಂದು ಮಾವನವರು ನನ್ನ ಪರ ನಿಂತರು. ಮರುಕ್ಷಣವೇ ನನ್ನತ್ತ ತಿರುಗಿ, "ಆದ್ರೂ ಅತ್ತುಬುಡಿ ಅತ್ಲಾಗೆ," ಎಂದರು.

ನಾನು ಮಗಳ ಮುಖ ನೋಡಿದೆ. ಅವಳ ಕಣ್ಣು ತುಂಬಿತ್ತು. "ಅಪ್ಪಾ, ಡ್ರಾ ಆದ್ರೂ ಗ್ಯಾರಂಟಿ ಇಲ್ಲಪ್ಪ. ಗೆಲ್ಲಲೇಬೇಕು." ಅಷ್ಟೇ ಹೇಳಿದಳು. ಪಕ್ಕದಲ್ಲಿ ಕೂರುತ್ತೇನೆಂದು ಮಾತು ಕೊಟ್ಟವನು, ಅವಳಿಗಾಗಿಯೇ ಎದ್ದು ಏಣಿ ಹತ್ತಿದೆ. ಹತ್ತುವಾಗ ಒಂದು ನಿಜ ಒಪ್ಪಿಕೊಳ್ಳುತ್ತೇನೆ: ನನಗೂ ಒಳಗೊಳಗೇ ಅನುಮಾನ ಬಂದಿತ್ತು!

ಅಟ್ಟದಲ್ಲಿ ಸೆಕೆ. ಅರ್ಥವಾಗದ ವಿವರಣೆ. ಜೊತೆಗೆ ಅತ್ತೆಯ ಅನುವಾದ: "ಹೊಡೀ... ಹೊಡಿಯೇ ತಾಯಿ... ಥೂ, ಗೋಡೆಗೆ ಹೊಡೆದ್ಳು!" ಇಣುಕಿದರೆ ನೋಡಿದಂತಾಗುತ್ತದೆ, ಆದ್ದರಿಂದ ಇಣುಕುವಂತಿಲ್ಲ. ಒಂದು ಕಾಯಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕಣ್ಣು ಮುಚ್ಚಿ ಕೂತೆ. ಅರವತ್ತು ನಿಮಿಷ ದಾಟಿತು. ಎಪ್ಪತ್ತು ದಾಟಿತು. ನಟ್ಟು ಬೋಲ್ಟು ಕಾಯುವ ನನ್ನ ಎದೆ ಹಳೇ ಲೇತ್ ಮಷಿನ್ನಿನಂತೆ ಬಡಿದುಕೊಳ್ಳುತ್ತಿತ್ತು. ನನಗೇಕೆ ಇಷ್ಟು ಸಂಕಟ? ಫುಟ್‌ಬಾಲಿನಲ್ಲಿ ಆಫ್‌ಸೈಡ್ ಎಂದರೆ ಏನೆಂದು ಈಗಲೂ ನನಗೆ ಗೊತ್ತಿಲ್ಲ!

ಎಪ್ಪತ್ತನಾಲ್ಕನೇ ನಿಮಿಷ.

"ಗೋ.......ಲ್! ಅಪ್ಪಾ! ಗೋಲ್!"

ಮಗಳು ನನ್ನನ್ನು ಕೂಗಿದಳು! ಮೈಮರೆತೆ. ಎರಡೂ ಕಾಲು ಕೂಡಿಸಿ ಆಕಾಶಕ್ಕೆ ಎಗರಿದೆ. ಎಗರುವುದೇನೋ ಸರಿಯಾಗಿಯೇ ಆಯಿತು, ತೊಂದರೆಯಾದದ್ದು ಇಳಿಯುವಾಗ. ಚಟ್! ಚಟಚಟ್! ದಬ್ಬೆಗಳು ಮುರಿದು ಬಲಗಾಲು ತೊಡೆಯವರೆಗೆ ಹಜಾರಕ್ಕೆ ಇಳಿಯಿತು. ಎಡಗಾಲು ಅಟ್ಟದಲ್ಲೇ ಮಡಚಿಕೊಂಡಿತು. ಸಂದಿಯಿಂದ ಕಾಯಿಗಳು ಒಂದರ ಹಿಂದೊಂದು ಧಡ್, ಧಡ್, ಧಡ್! ನನ್ನ ಲೆಕ್ಕಕ್ಕೆ ಮೂವತ್ತೇಳು. ಅದರಲ್ಲಿ ಒಂದು ಸೀದಾ ಹೋಗಿ, ಮಾನಸಾ ನನಗೆಂದು ಕಾದಿಟ್ಟಿದ್ದ ದಿಂಬಿನ ಮೇಲೆ ಕೂತಿತು.

ಪುಣ್ಯಕ್ಕೆ ಉಳಿದವರೆಲ್ಲ ಗೋಲಿನ ಸಂಭ್ರಮದಲ್ಲಿ ಟಿವಿಗೆ ಅಂಟಿಕೊಂಡು ಕುಣಿಯುತ್ತಿದ್ದರು, ಒಂದು ಕಾಯಿಯೂ ಯಾರಿಗೂ ತಾಗಲಿಲ್ಲ. ಹಗ್ಗದಲ್ಲಿ ಕಟ್ಟಿದ್ದ ಫೋನೂ ಅಲುಗಲಿಲ್ಲ. ಹೀಗಾಗಿ ಪಂದ್ಯ ನಡೆಯುತ್ತಲೇ ಇತ್ತು.

"ಪ್ರೇಮಾ! ಸಿಕ್ಕಾಕೊಂಡಿದೀನಿ ಕಣೇ! ಎಳೀರೋ ಯಾರಾದ್ರೂ!" ಎಂದು ಕೂಗಿದೆ.

ಮಾವನವರು ಏಣಿಯತ್ತ ಹೊರಟರು. ಅತ್ತೆ ಅಡ್ಡ ನಿಂತರು. "ಮುಟ್ಟಬ್ಯಾಡಿ! ಎರಡು-ಒಂದು ನಡೀತೈತೆ. ಆ ಕಾಲು ಎಂಗೈತೋ ಅಂಗೇ ಇರ್ಲಿ!"

"ಅತ್ತೆ, ನಿಮ್ಮ ಕಾಯಿ ಬಿದ್ದೋದ್ವು!" ಇದು ನನ್ನ ಕೊನೆಯ ಅಸ್ತ್ರ.

"ಕಾಯಿ ಮುಂದಿನ್ ವರ್ಷಾನೂ ಬಿಡ್ತವೆ ಅಳಿಯಂದ್ರೆ. ಗೋಲು ಬೀಳ್ತವಾ?"

ಬೆಕ್ಕಿನ ಮೇಲೂ ವಿಚಾರಣೆ ನಡೆಸುವ ಹೆಂಗಸು! ಅಲ್ಲಿಗೆ ನನಗೆ ಎಲ್ಲಾ ದಿಕ್ಕೂ ಮುಚ್ಚಿತು. ಅಷ್ಟರಲ್ಲಿ ಹೆಂಡತಿಯ ದನಿ ಬಂತು. ಅಂತೂ ಕರುಣೆ ಹುಟ್ಟಿತು ಎಂದುಕೊಂಡೆ.

"ರೀ, ಸ್ವಲ್ಪ ಹೆಬ್ಬೆರಳು ಮಡಚ್ಕೊಳ್ರೀ! ಸ್ಕೋರ್ ಕಾಣ್ತಿಲ್ಲ!"

ಮಡಚಿಕೊಂಡೆ. ಹದಿನಾರು ನಿಮಿಷ, ಅದರ ಮೇಲೆ ರೆಫ್ರಿ ಉದಾರವಾಗಿ ಕೊಟ್ಟ ಇನ್ನಷ್ಟು ನಿಮಿಷ, ಬಾಗಿಲ ತೋರಣದಂತೆ ನೇತಾಡಿದೆ. ನಡುವೆ ಪಾದಕ್ಕೆ ಏನೋ ತಣ್ಣಗೆ ತಾಗಿತು. ಏನೆಂದು ಕೇಳಿದೆ. "ಅಜ್ಜಿ ಅರಿಶಿನ ಕುಂಕುಮ ಹಚ್ತಾವ್ರಪ್ಪ, ಅಲ್ಲಾಡಬೇಡ!" ಎಂದಳು ಮಾನಸಾ. ಮದುವೆಯ ದಿನ ಇದೇ ಕಾಲನ್ನು ತೊಳೆಯುವಾಗ ಅತ್ತೆಯವರಲ್ಲಿ ಇದರ ಕಾಲುಭಾಗ ಭಕ್ತಿಯೂ ಕಂಡಿರಲಿಲ್ಲ.

ಕೊನೆಯ ಪೀಪಿ ಮೊಳಗಿತು! ಗೆದ್ದೆವು! ಏಷ್ಯಾ ಕಪ್ಪಿಗೆ ನಮ್ಮ ಹುಡುಗಿಯರು! ಕೆಳಗೆ ಅಳು, ನಗು, ಶಿಳ್ಳೆ ಎಲ್ಲಾ ಒಟ್ಟಿಗೆ. ಅಟ್ಟದಲ್ಲಿ ನಾನೂ ಕಣ್ಣೀರು ಸುರಿಸಿದೆ, ಯಾರಿಗೂ ಕಾಣದಂತೆ. ತೊಡೆಯ ಉರಿಗೆ ಎಂದು ಆಮೇಲೆ ಹೇಳಿಕೊಂಡೆ.

ಏಣಿ ಹತ್ತಿ ಮೊದಲು ಬಂದವಳು ಮಾನಸಾ. ದಬ್ಬೆ ಸರಿಸಿ, ನನ್ನನ್ನು ಎಳೆದು, ಕುತ್ತಿಗೆಗೆ ಜೋತುಬಿದ್ದಳು. "ಅಪ್ಪಾ, ನಾವು ಗೆದ್ವಿ! ನೀನಿಲ್ದಿದ್ರೆ ಆಗ್ತಿರ್ಲಿಲ್ಲ!"

ಅವಳ ತಲೆ ಸವರಿದೆ. "ಪಕ್ಕದಲ್ಲಿ ಕೂರಲಿಲ್ಲ ಕಣವ್ವ. ಆದ್ರೆ ಬರೋ ಭಾನುವಾರ ನಿನ್ನ ಫೈನಲ್ ಇದೆಯಲ್ಲ, ಕುಣಿಗಲ್ ತಂಡದ ಮೇಲೆ? ರಜ ಹಾಕ್ತೀನಿ! ಬೆಳಿಗ್ಗೆ ಒಂಬತ್ತಕ್ಕೇ ಬಂದು, ಮುಂದಿನ ಸಾಲಲ್ಲಿ ಕೂತು, ಮೊದಲಿಂದ ಕೊನೆ ತನಕ ನೋಡ್ತೀನಿ! ಈ ಸಲ ಸರಿಯಾದ ಮೈದಾನಕ್ಕೇ ಬರ್ತೀನಿ!"

ಕುತ್ತಿಗೆಯ ಹಿಡಿತ ಸಡಿಲವಾಯಿತು. ಮಾನಸಾ ಕೆಳಗೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಅಟ್ಟದ ತೂತಿನ ಕಡೆ ನೋಡಿದರು.

"ಅಪ್ಪಾ..." ಎಂದಳು ಮಗಳು, ಬಹಳ ಪ್ರೀತಿಯಿಂದ. "ಕುಣಿಗಲ್ ಹುಡ್ಗೀರು ಅಲ್ಲಿನ ರೇಸ್ ಕುದುರೆಗಳ ಥರಾನೇ ಓಡ್ತಾರಪ್ಪ. ತುಂಬಾ ಟಫ್ ಟೀಮು."

ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತುಮಕೂರಿನಲ್ಲಿ ನನ್ನ ಮಗಳು ಫೈನಲ್ ಆಡಿದಳು. ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದಳಂತೆ. ನಾನು ರಜ ಹಾಕಿ, ಗುಬ್ಬಿಗೆ ಬಂದು, ಹೊಸ ದಬ್ಬೆ ಹಾಕಿದ ಅಟ್ಟದಲ್ಲಿ ಕಾಯಿಗಳ ಜೊತೆ ಕೂತಿದ್ದೆ. ಇಳಿದುಬಿಟ್ಟೇನೆಂದು ಅತ್ತೆ ಏಣಿಯನ್ನು ತೆಗೆದು ಹಿತ್ತಿಲಿಗೆ ಇಟ್ಟಿದ್ದರು. ಹನ್ನೊಂದೂವರೆಗೆ ಕಿಟಕಿಯಲ್ಲಿ ಫೋನು ಹೊಡೆದುಕೊಂಡಿತು.

"ಅಪ್ಪಾ! ಎರಡು-ಸೊನ್ನೆ! ಒಂದೂ ಗೋಲು ಬಿಡ್ಲಿಲ್ಲ ನಾನು!"

ನಾನು ಎಗರಲಿಲ್ಲ. ಅನುಭವ ಪಾಠ ಕಲಿಸಿತ್ತು. ಕೂತಲ್ಲೇ ಒಂದು ಕಾಯಿಗೆ ಮುತ್ತು ಕೊಟ್ಟು, "ಅತ್ತೆ, ಗೆದ್ಲು! ಏಣಿ ತನ್ನಿ!" ಎಂದು ಕೂಗಿದೆ.

ಅತ್ತೆ ಬಂದರು. ಕೈಯಲ್ಲಿ ಏಣಿಯಿರಲಿಲ್ಲ, ಉದ್ದನೆಯ ಕೋಲಿನ ತುದಿಗೆ ಕಟ್ಟಿದ ತಿಂಡಿಯ ಡಬ್ಬಿಯಿತ್ತು.

"ತಿಂದ್ಕೊಂಡು ಅಲ್ಲೇ ಮಲೀಕೊಳ್ಳಿ ಅಳಿಯಂದ್ರೆ. ಸಾಯಂಕಾಲ ನಾಲ್ಕಕ್ಕೆ ಟ್ಯೂಷನ್ನಲ್ಲಿ ಮಾನಸನ ಗಣಿತದ ಮಾರ್ಕ್ಸ್ ಹೇಳ್ತಾರಂತೆ!"