ದನಿ ಹೋದ ಕಂಡಕ್ಟರನ ನಡಿಗೆ

ನಗುವ ಪ್ರಸಂಗಗಳು ಆರೋಗ್ಯವಂತರಿಗೇ ಮೀಸಲು ಅಂತ ತಿಳಿದಿದ್ದೆ. ಹಾಗೇನಿಲ್ಲ, ರೋಗಿಯ ಮನೆಯ ದಾರಿ ಕೇಳಿಕೊಂಡೂ ಅವು ಬರುತ್ತವೆ.

ನಾನು ಗೋಕಾಕ–ಮೂಡಲಗಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರ್. ಗಂಟಲಿನ ಕ್ಯಾನ್ಸರ್ ಬಂತು. ಬೆಂಗಳೂರಿನಲ್ಲಿ ರೇಡಿಯೇಶನ್ ಅನ್ನುವ ಕರೆಂಟು ಕೊಟ್ಟು ಗುಣ ಮಾಡಿದರು. ರೋಗ ಹೋಗುವಾಗ ನನ್ನ ದನಿಯನ್ನೂ ಕರೆದುಕೊಂಡು ಹೋಯಿತು, ಉಳಿದದ್ದು ಪಿಸುಮಾತು. ಪಿಸುಗುಡುವ ಕಂಡಕ್ಟರ್ ಯಾವ ಬಸ್ಸಿಗೆ ಬೇಕು? ನಮ್ಮೂರು ಮೇಲವಂಕಿಯ ಮನೆಯಲ್ಲಿ ಕುಳಿತೆ. ಬೆಳಗಿನ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಕೈ ತಾನೇ ಹೆಗಲ ಮೇಲಿನ ಚೀಲ ಹುಡುಕುತ್ತಿತ್ತು.

ಆಗ ದವಾಖಾನೆಯವರು ಗುಣವಾದವರಿಗೆಂದು ಕಂಪ್ಯೂಟರಿನಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ದಿನಾ ಇಷ್ಟು ದೂರ ಅಂತ ಗುರಿಯಿಟ್ಟು ನಡೆಯಬೇಕು, ವಾರಕ್ಕೊಮ್ಮೆ ಇಂಟರ್ನೆಟ್ಟಿನಲ್ಲಿ ತಿಳಿಸಬೇಕು, ಅಲ್ಲಿಂದ ಉತ್ತರ ಬರುತ್ತದೆ. ಗೋಕಾಕದಲ್ಲಿ ನೆಟ್ ಸೆಂಟರ್ ಇಟ್ಟಿದ್ದ ತಂಗಿಯೊಬ್ಬಳು ಇಂಗ್ಲಿಷ್ ಓದಿ ಹೇಳುವಳು. ನಾನು ಪಿಸುಗುಟ್ಟಿದ್ದನ್ನು ಟೈಪ್ ಮಾಡುವಳು.

೧. ಗುರಿ

ಮೊದಲ ದಿನವೇ ಪ್ರಶ್ನೆ ಬಂತು. ತಂಗಿ ಓದಿ ಹೇಳಿದಳು.

"ಅಣ್ಣಾರ, ರೋಗ ಬರೂಕಿಂತ ಮೊದಲ ದಿನಾ ಎಷ್ಟ ದೂರ ತಿರಗಾಡತಿದ್ರಿ?"

"ಎರಡನೂರು ಕಿಲೋಮೀಟರ."

ಬಸ್ಸಿನಲ್ಲಿ ಅಂತ ನಾನು ಹೇಳಲಿಲ್ಲ, ಆಕೆ ಹಾಗೇ ಟೈಪ್ ಮಾಡಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ: "ಅಭಿನಂದನೆಗಳು! ನೀವು ಗುರಿ ಮುಟ್ಟಿದ್ದೀರಿ."

ಮುಟ್ಟಿದ್ದು ಖರೆ. ಅಲ್ಲಿಂದ ಹಳೆಯ ಕೆಲಸಕ್ಕೆ ವಾಪಸ್ ಬರುವ ಬಸ್ಸೇ ಇರಲಿಲ್ಲ.

೨. ಕೋಳಿ

ಊರ ಹೊರಗೆ ನಡೆಯಲು ಹೊರಟೆ. ನಮ್ಮ ಕಡೆ ಸುಮ್ಮನೆ ನಡೆಯುವವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಒಬ್ಬೊಬ್ಬರೇ ಗಾಡಿ ನಿಲ್ಲಿಸಿ, "ಬರ್ರಿ ಕಂಡಕ್ಟರ್ ಸಾಹೇಬ್ರ, ಕುಂದರ್ರಿ" ಅಂದರು. "ಬ್ಯಾಡ್ರಿ" ಅಂದದ್ದು ಇಂಜಿನ್ನಿನ ಸದ್ದಿನಲ್ಲಿ ಕೇಳಬೇಕಲ್ಲ! ಹೇಗೋ ಕೈ ಮುಗಿದು ಪಾರಾದೆ. ಕೊನೆಗೆ ಒಂದು ಎತ್ತಿನ ಚಕ್ಕಡಿ ಬಂತು. ಅದರಲ್ಲಿದ್ದ ಮುದುಕಿ ನನ್ನ ತೋಳು ಹಿಡಿದಳು.

"ಒಂದಿನ ಕೋಳಿ ತಂದೇನಂತ ಬಸ್ಸಿನಿಂದ ನನ್ನ ಇಳಿಸಿದ್ದಿ, ನೆನಪೈತೇನ? ನಾ ನಿನ್ನ ಇಳಸಾಂಗಿಲ್ಲ. ಹತ್ತು!"

ಹತ್ತಿದೆ. ಕೋಳಿಗಳ ನಡುವೆ ಕುಳಿತು ಮನೆಗೆ ಬಂದೆ. ದಾರಿಯುದ್ದಕ್ಕೂ ಅವು ನನಗಿಂತ ಗಟ್ಟಿಯಾಗಿ ಮಾತಾಡಿದವು.

೩. ವಿಶ್ರಾಂತಿ

ನಡೆಯಲು ಜೊತೆಗಾರನನ್ನು ಹುಡುಕಿಕೊಳ್ಳಿ ಎಂದು ಕಂಪ್ಯೂಟರ್ ಹೇಳಿತು. ಕುರಿ ಕಾಯುವ ಗೆಳೆಯನೊಬ್ಬನಿದ್ದ, ಅವನ ಬೆನ್ನು ಹತ್ತಿದೆ. ಒಂದು ಫರ್ಲಾಂಗಿಗೇ ಸುಸ್ತಾಗಿ ಬೇವಿನ ಗಿಡದ ಕೆಳಗೆ ಕುಳಿತೆ. ದವಾಖಾನೆಯವರು ಕಳಿಸಿದ್ದ ಹೆಜ್ಜೆ ಎಣಿಸುವ ಡಬ್ಬಿಯನ್ನು ಅವನು, "ಇಲ್ಲಿ ಕೊಡು, ಅದಾದ್ರೂ ಊರು ನೋಡ್ಲಿ" ಅಂತ ತನ್ನ ಸೊಂಟಕ್ಕೆ ಸಿಗಿಸಿಕೊಂಡು ಹೋದ. ವಾರ ಕಳೆದು ತಂದುಕೊಟ್ಟ. ಅದರಲ್ಲಿದ್ದ ಅಂಕಿಯನ್ನೇ ತಂಗಿ ಕಳಿಸಿದಳು.

ಉತ್ತರ ಗಾಬರಿಯಿಂದ ಬಂತು: "ದಯವಿಟ್ಟು ಇಷ್ಟು ದಣಿಯಬೇಡಿ. ವಿಶ್ರಾಂತಿ ತೆಗೆದುಕೊಳ್ಳಿ."

ತಂಗಿ ಅದನ್ನು ಕನ್ನಡದಲ್ಲಿ ಕಾಗದಕ್ಕಿಳಿಸಿ ಕೊಟ್ಟಳು, ಗೆಳೆಯನಿಗೆ ಓದಿ ಹೇಳಿದೆ. ಅವನು, "ಹುಟ್ಟಿದಾಗಿಂದ ನನಗ ಯಾರೂ ಹಿಂಗ ಅಂದಿಲ್ಲೋ. ಆ ಕಾಗದ ಕೊಡು, ಮನ್ಯಾಕಿಗೆ ತೋರಸ್ತೇನಿ" ಅಂದ.

೪. ಹುರುಪು

ಅಷ್ಟರಲ್ಲಿ ಕಾಲಿಗೆ ಬಲ ಬಂದಿತ್ತು. ಒಂದು ಸಂಜೆ ನೆಟ್ ಸೆಂಟರಿಗೆ ಹೊರಟವನು ಗೋಕಾಕ ಬಸ್‌ಸ್ಟ್ಯಾಂಡಿನ ಒಳಗೆ ಹೊಕ್ಕೆ. ಮೂಡಲಗಿ ಬಸ್ಸು ತುಂಬಿ ನಿಂತಿತ್ತು. ನನ್ನ ಹಳೆಯ ಡ್ರೈವರ್ ಸ್ಟೇರಿಂಗ್ ಹಿಡಿದು ಕುಳಿತಿದ್ದ. ಹೊಸ ಕಂಡಕ್ಟರ್ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ.

ಬಾಗಿಲ ಕಂಬಿ ಹಿಡಿದು ಮೆಟ್ಟಿಲ ಮೇಲೆ ನಿಂತೆ. "ಮೂಡಲಗಿ, ಮೂಡಲಗಿ" ಅಂದೆ. ನನ್ನ ಕಿವಿಗೂ ಕೇಳಲಿಲ್ಲ. ಕೈ ಮಾತ್ರ ಸುಮ್ಮನಿರಲಿಲ್ಲ, ಬಸ್ಸಿನ ಮೈಗೆ ಎರಡು ಸಲ ಬಡಿಯಿತು. ಹೊರಡು ಅನ್ನುವುದಕ್ಕೆ ಅದೇ ಗುರುತು.

ಬಸ್ಸು ಹೊರಟೇಬಿಟ್ಟಿತು!

ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮುಖಕ್ಕೆ ಗಾಳಿ ಬಡಿಯುತ್ತಿತ್ತು, ಒಳಗೆ ಜನ "ಸರೀರಿ, ಸರೀರಿ" ಅನ್ನುತ್ತಿದ್ದರು. ಊರ ಅಂಚಿನಲ್ಲಿ ಯಾರೋ "ಟಿಕೆಟ್ ಕೊಡ್ರಿ" ಎಂದು ನನ್ನ ಬರಿಗೈ ನೋಡಿದಾಗಲೇ ಎಚ್ಚರವಾಯಿತು, ನಿಲ್ಲಿಸಲು ಒಂದೇ ಸಲ ಬಡಿದೆ.

ಬಸ್ಸು ನಿಲ್ಲಿಸಿ ಡ್ರೈವರ್ ಹಿಂದೆ ತಿರುಗಿದ. ಬೈಯುತ್ತಾನೆಂದುಕೊಂಡೆ. ಅವನ ಕಣ್ಣು ತೇವವಾಗಿತ್ತು. "ಅಣ್ಣಾ, ಆ ಬಡಿತ ಕೇಳಿ ಕಾಲು ತಾನ ಕ್ಲಚ್ಚಿಗೆ ಹೋತು. ನೀ ಇಲ್ಲ ಅನ್ನೂದ ಮರ್ತಬಿಟ್ಟೆ."

ಅಷ್ಟರಲ್ಲಿ ಹೊಸ ಕಂಡಕ್ಟರ್ ಏದುಸಿರು ಬಿಡುತ್ತಾ ಬಂದು ಮುಟ್ಟಿದ.

ಆಮೇಲೆ ನೆಟ್ ಸೆಂಟರಿಗೆ ಹೋದೆ. ಆ ವಾರದ ಪ್ರಶ್ನೆಯನ್ನು ತಂಗಿ ಓದಿದಳು: "ಬ್ಯಾರೆ ಯಾರಿಗರೆ ವ್ಯಾಯಾಮ ಮಾಡಾಕ ಹುರುಪು ತುಂಬಿದ್ರೇನ್ರಿ?"

"ಹೂಂ, ಒಬ್ಬಾವಗ," ಅಂದೆ. "ಟಿಕೆಟ್ ಚೀಲ ಹಿಡಕೊಂಡು ಒಂದ ಕಿಲೋಮೀಟರ ಓಡ್ಯಾನ ಅಂತ ಬರಿ."